ಗುಳೆ ಹೋಗಿ ಬಂದ ಮಗು ಯಾವ ಮೆಟ್ಟಿಲಿನಿಂದ ಶುರುಮಾಡಬೇಕು?

ನಮ್ಮ ಶಾಲೆ ಇರುವುದು ವಿಜಯಪುರ ಜಿಲ್ಲೆಯ ಒಂದು ತಾಂಡಾದಲ್ಲಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ನನ್ನ ಹತ್ತಿರ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾ ಅರ್ಧ ಖಾಲಿಯಾಗುತ್ತದೆ. ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ ಕಡೆಗೆ, ಇಲ್ಲವೇ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮಕ್ಕಳು ಉಳಿಯುತ್ತಾರೆ. ಇಲ್ಲದಿದ್ದರೆ ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರ್ ಹತ್ತುತ್ತಾರೆ. ವಾಪಸ್ ಬರುವುದು ಯುಗಾದಿಯ ಆಸುಪಾಸು, ಬೇಸಿಗೆ ರಜೆ ಹತ್ತಿರ ಬಂದಾಗ.

ಇಂಥ ಕೋಣೆಯಲ್ಲಿ ನಲಿ-ಕಲಿ, ಅಂದರೆ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಹೇಗೆ ನಡೆಸುತ್ತೇನೆ ಎಂದು ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿ ಒಂದು-ಎರಡು-ಮೂರು ಒಟ್ಟಿಗೆ ಸಿಕ್ಕವರಿಗೆ ಉಪಯೋಗವಾಗಬಹುದು.

ನಲಿ-ಕಲಿ ಶುರುವಾಗಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರ ಹೊತ್ತಿಗೆ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳಿಗೆ ಕಲಿಸುವ ರೀತಿ ನೋಡಿ ಬಂದರು. ಯುನಿಸೆಫ್ ನೆರವಿತ್ತು. ಕನ್ನಡಕ್ಕೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೇಲಿನಿಂದ ಇಳಿದ ಯೋಜನೆ ಎಂದು ಬೈಯುವವರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ. ಇದನ್ನು ಕಟ್ಟಿದವರು ನಮ್ಮಂಥ ಮೇಷ್ಟ್ರುಗಳೇ.

ಒಳಗಿನ ವ್ಯವಸ್ಥೆ ಸರಳ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಕಾರ್ಡು. ಮಗು ತಾನು ಎಲ್ಲಿದ್ದೇನೆ ಎಂದು ಏಣಿಯಲ್ಲಿ ನೋಡಿ, ಆ ಗುರುತಿನ ಕಾರ್ಡು ತೆಗೆದುಕೊಂಡು, ಅದು ಯಾವ ತಟ್ಟೆಗೆ ಸೇರಿದೆಯೋ ಅಲ್ಲಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಮೊದಲ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ಸಹಾಯ, ಎರಡನೆಯದರಲ್ಲಿ ಸ್ವಲ್ಪ. ಮೂರು ಮತ್ತು ನಾಲ್ಕರಲ್ಲಿ ಗೆಳೆಯರ ಸಹಾಯ. ಐದನೆಯದರಲ್ಲಿ ಮಗು ತಾನೇ ಕಲಿಯಬೇಕು. ಒಂದನೇ ತರಗತಿ, ಎರಡನೇ ತರಗತಿ ಎಂದು ಸಾಲು ಮಾಡಿ ಕೂರಿಸುವ ಮಾತೇ ಇಲ್ಲ.

ಅಕ್ಷರಗಳೂ ಅ, ಆ, ಇ, ಈ ಕ್ರಮದಲ್ಲಿ ಬರುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಪ್ರತಿ ವರ್ಷ ಆಗಸ್ಟ್ ಬಂದರೆ ಯಾರಾದರೂ ಒಬ್ಬ ತಂದೆ ಬಾಗಿಲಲ್ಲಿ ನಿಂತು ಕೇಳುವುದು ಇದನ್ನೇ: “ಅಕ್ಕೋರೆ, ಹುಡುಗಗ ಇನ್ನೂ ಅ ಆ ಇ ಈ ಬರವಲ್ದು. ರ ಗ ಸ ದ ಅಂತಾನ. ಇದೇನ್ ಕಲಸಾಕತ್ತೀರಿ?” ನಾನು ವಾದ ಮಾಡುವುದಿಲ್ಲ. ಹುಡುಗನನ್ನೇ ಕರೆದು ಬೋರ್ಡಿನ ಮೇಲೆ ಸರ, ದಸರ, ಅರಸ, ಗರಗಸ ಎಂದು ಬರೆದು ಓದಿಸುತ್ತೇನೆ. ಐದೇ ಅಕ್ಷರ, ಕಾಗುಣಿತ ಇನ್ನೂ ಮುಟ್ಟಿಲ್ಲ, ಆದರೂ ಪದ ಓದುತ್ತಾನೆ. ಐದೂ ದುಂಡಗಿವೆ, ಎಳೆ ಕೈ ಬೇಗ ತಿರುಗುತ್ತದೆ. ಅಪ್ಪ ಸುಮ್ಮನಾಗುತ್ತಾರೆ. ಒಪ್ಪಿದರೋ ಇಲ್ಲವೋ, ಅದು ಬೇರೆ ಮಾತು.

ನನಗೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ನಮ್ಮ ಮಕ್ಕಳು ಮನೆಯಲ್ಲಿ ಮಾತಾಡುವುದು ಲಂಬಾಣಿ. ಗರಗಸ ಎಂದು ತಪ್ಪಿಲ್ಲದೆ ಓದುತ್ತಾರೆ, ಅದು ಏನು ಎಂದರೆ ಮುಖ ನೋಡುತ್ತಾರೆ. ಹಾಗಾಗಿ ಮೂರು ಮತ್ತು ನಾಲ್ಕನೇ ತಟ್ಟೆಗಳಲ್ಲಿ ಲಂಬಾಣಿಯಲ್ಲೇ ಮಾತಾಡಿಕೊಳ್ಳಲು ಬಿಟ್ಟಿದ್ದೇನೆ. ಕಾರ್ಡು ಕನ್ನಡದ್ದು, ವಿವರಣೆ ಅವರದ್ದು. ಪ್ರತಿ ತಟ್ಟೆಯಲ್ಲೂ ಎರಡೂ ಭಾಷೆ ಚೆನ್ನಾಗಿ ಬರುವ ಒಂದು ಮಗು ಇರುವಂತೆ ನೋಡಿಕೊಳ್ಳುತ್ತೇನೆ. ಓದಿನಲ್ಲಿ ಚುರುಕಾದ ಮಗುವೇ ಆಗಬೇಕೆಂದಿಲ್ಲ. ಬಹಳ ಚುರುಕಾದವರು ಉತ್ತರ ಹೇಳಿಕೊಟ್ಟು ಎದ್ದು ಹೋಗುತ್ತಾರೆ. ಈಚೆಗಷ್ಟೇ ಆ ಮೆಟ್ಟಿಲು ದಾಟಿದವರು ಜಾಸ್ತಿ ಹೊತ್ತು ಕೂರುತ್ತಾರೆ, ಎಲ್ಲಿ ಎಡವುತ್ತೇವೆ ಎಂದು ಅವರಿಗೆ ನೆನಪಿರುತ್ತದೆ. ಗದ್ದಲ ಆಗುತ್ತದೆ, ನಿಜ. ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಬಾಗಿಲು ಹಾಕಿಕೊಳ್ಳಬೇಕಾ ಅನಿಸುವಷ್ಟು.

ಈಗ ಗುಳೆಯ ವಿಷಯ. ನಲಿ-ಕಲಿ ನಮ್ಮಂಥ ಊರಿಗೆ ನಿಜವಾಗಿ ಒದಗಿ ಬರುವುದು ಇಲ್ಲೇ ಎಂದು ನನ್ನ ಅನಿಸಿಕೆ. ಪಾಠದ ಲೆಕ್ಕದಲ್ಲಿ ಓಡುವ ತರಗತಿಯಾದರೆ ನವೆಂಬರಿನಲ್ಲಿ ಹೋದ ಮಗು ಮಾರ್ಚಿನಲ್ಲಿ ಬಂದಾಗ ಇಡೀ ತರಗತಿ ಎಷ್ಟೋ ಮುಂದೆ ಹೋಗಿರುತ್ತದೆ. ಏಣಿ ಹಾಗಲ್ಲ. ಅದು ಬಿಟ್ಟ ಮೆಟ್ಟಿಲಲ್ಲೇ ಮಗುವಿಗಾಗಿ ಕಾಯುತ್ತದೆ. ಆದರೆ ಇದಕ್ಕೆ ಒಂದು ಷರತ್ತಿದೆ. ಯಾವ ಮಗು ಯಾವ ಮೆಟ್ಟಿಲು ಮುಗಿಸಿದೆ ಎಂದು ತೋರಿಸುವ ಪಟ್ಟಿಯಲ್ಲಿ, ಅಂದರೆ ಪ್ರಗತಿ ನೋಟದಲ್ಲಿ, ನಾವು ಹಾಕುವ ಗುರುತು ಸತ್ಯವಾಗಿರಬೇಕು. ತಿಂಗಳ ಕೊನೆಗೆ ವರದಿ ಕೇಳುತ್ತಾರೆ ಎಂದು ಎಲ್ಲರಿಗೂ ಸಾಲಾಗಿ ಟಿಕ್ ಹಾಕಿದರೆ ಮಾರ್ಚಿನಲ್ಲಿ ಆ ಮಗುವನ್ನು ಎಲ್ಲಿ ಕೂರಿಸುವುದು? ಅದಕ್ಕೇ ನಾನು ಮಗು ಕಾರ್ಡು ಮುಗಿಸಿದ ದಿನವೇ, ಅದನ್ನು ಓದಿಸಿ ನೋಡಿದ ಮೇಲೇ, ಅದರ ಕೈಯಿಂದಲೇ ಗುರುತು ಹಾಕಿಸುತ್ತೇನೆ.

ಟ್ರ್ಯಾಕ್ಟರ್ ಬರುವ ವಾರ ತಾಂಡಾದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಕಬ್ಬು ಕಡಿಯಲು ಆಳುಗಳನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಟ್ಟಾಗಲೇ ಸುದ್ದಿ ಹಬ್ಬಿರುತ್ತದೆ. ಆ ವಾರ ಹೊರಡುವ ಮಕ್ಕಳನ್ನೆಲ್ಲ ಮೊದಲ ತಟ್ಟೆಗೆ ಕರೆದುಕೊಳ್ಳುತ್ತೇನೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕನ್ನಡ ಮತ್ತು ಗಣಿತದಲ್ಲಿ ಎಲ್ಲಿದ್ದಾರೆ ಎಂದು ಆ ಮೆಟ್ಟಿಲಿನ ಚಿತ್ರ ಬರೆಸುತ್ತೇನೆ. ಮುಗಿಸಿದ ಕಾರ್ಡುಗಳಲ್ಲಿ ಕೆಲವನ್ನು ಜೆರಾಕ್ಸ್ ಮಾಡಿಸಿ ಕೊಟ್ಟು ಕಳಿಸುತ್ತೇನೆ. ಹೊಸ ಕಾರ್ಡು ಕೊಡುವುದಿಲ್ಲ. ಗದ್ದೆಯ ಬದುವಿನಲ್ಲಿ ಹೇಳಿಕೊಡಲು ಯಾರೂ ಇರುವುದಿಲ್ಲ, ಬಾರದ್ದನ್ನು ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ. ಗೊತ್ತಿರುವುದು ಮರೆಯದಿದ್ದರೆ ಸಾಕು.

ಬಂದ ಮೇಲೆ ಮೊದಲ ಎರಡು ದಿನ ಏಣಿಯ ಹತ್ತಿರ ಕಳಿಸುವುದಿಲ್ಲ. ಹಾಡು, ಕಥೆ, ಆಟ ಅಷ್ಟೇ. ಆಮೇಲೆ ಬಿಟ್ಟ ಮೆಟ್ಟಿಲಿಗಿಂತ ಕೆಳಗಿನ ಕಾರ್ಡುಗಳನ್ನು ಒಂದೊಂದಾಗಿ ಓದಿಸುತ್ತಾ ಬರುತ್ತೇನೆ. ಎಲ್ಲಿ ಸಲೀಸಾಗಿ ಓದುತ್ತಾರೋ ಅಲ್ಲಿಂದ ಮತ್ತೆ ಶುರು. ಸಾಮಾನ್ಯವಾಗಿ ಅಕ್ಷರ ಉಳಿದಿರುತ್ತದೆ, ಒತ್ತಕ್ಷರ ಹೋಗಿರುತ್ತದೆ.

ಗಣಿತದಲ್ಲಿ ಕಥೆ ಬೇರೆ. ಅಲ್ಲಿ ಕೆಲವು ಮಕ್ಕಳು ಹೋಗುವಾಗ ಇದ್ದದ್ದಕ್ಕಿಂತ ಮುಂದೆ ಬಂದಿರುತ್ತಾರೆ. ಕಬ್ಬಿನ ಕಟ್ಟು ಎಣಿಸಿ, ಅಂಗಡಿಗೆ ಹೋಗಿ ಚಿಲ್ಲರೆ ತಂದು, ಲೆಕ್ಕ ಬಾಯಲ್ಲೇ ಇರುತ್ತದೆ. ನಮ್ಮ ಕಾರ್ಡುಗಳಲ್ಲೂ ಹತ್ತರ ಕಟ್ಟು ಮತ್ತು ಬಿಡಿ ಎಂದೇ ಸ್ಥಾನಬೆಲೆ ಕಲಿಸುವುದು. ಒಂದು ಸಲ ಎರಡನೇ ತರಗತಿಯ ಹುಡುಗಿಯೊಬ್ಬಳು ಕಡ್ಡಿಗಳ ಕಟ್ಟು ಬಿಚ್ಚಿ ಕಳೆಯುವುದನ್ನು ಮೂರನೆಯವರಿಗೆ ತೋರಿಸಿಕೊಟ್ಟಳು. ಅಂಥವರನ್ನು ಗಣಿತದಲ್ಲಿ ಹಳೇ ಮೆಟ್ಟಿಲಲ್ಲಿ ಕಟ್ಟಿಹಾಕುವುದಿಲ್ಲ. ಬಾಯಿಲೆಕ್ಕ ಕೇಳಿ ನೋಡಿ, ಬರೆಯುವುದನ್ನಷ್ಟೇ ಕಲಿಸಿ ಮುಂದೆ ಬಿಡುತ್ತೇನೆ. ಒಂದೇ ಮಗು ಕನ್ನಡದಲ್ಲಿ ಕೆಳಗೆ, ಗಣಿತದಲ್ಲಿ ಮೇಲೆ ಇರಬಹುದು. ಏಣಿಗಳು ಬೇರೆ ಬೇರೆ ತಾನೇ.

ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ. ಕಾರ್ಡುಗಳು ಹರಿಯುತ್ತವೆ, ಒಂದು ಕಳೆದರೆ ಆ ಮೆಟ್ಟಿಲೇ ಇಲ್ಲದಂತಾಗುತ್ತದೆ. ಜೂನ್‌ನಲ್ಲೇ ಪಾರದರ್ಶಕ ಟೇಪ್ ಸುತ್ತಿಡುತ್ತೇನೆ. ಶಿಕ್ಷಕಿ ಒಂದು ದಿನ ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಮೊದಲ ತಟ್ಟೆ ಖಾಲಿ. ಸ್ವಂತ ವಾಕ್ಯ ಬರೆಯುವುದಕ್ಕೆ ಕಾರ್ಡುಗಳಲ್ಲಿ ಜಾಗ ಕಡಿಮೆ ಎಂಬುದು ನನ್ನ ದೂರು. ಖಾಲಿ ಜಾಗ ತುಂಬಿಸಿ ಅಭ್ಯಾಸವಾದವರು ಖಾಲಿ ಪುಟ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಹಾಗಾಗಿ ಮಧ್ಯಾಹ್ನ ಬಿಸಿಯೂಟ ಆದಮೇಲೆ ಸ್ವಲ್ಪ ಹೊತ್ತು ಬೇಕಾದ್ದು ಬರೆಯಿರಿ ಎನ್ನುತ್ತೇನೆ. ಗುಳೆ ಹೋಗಿ ಬಂದವರ ಪುಟಗಳೇ ಉದ್ದ. ಫ್ಯಾಕ್ಟರಿ ಮುಂದಿನ ಗಾಡಿಗಳ ಸಾಲು, ರಾತ್ರಿಯ ಗುಡಿಸಲು, ಹಾವು, ಎಲ್ಲ ಬರುತ್ತದೆ. ಕಾಗುಣಿತ ಆಮೇಲೆ ತಿದ್ದುತ್ತೇನೆ.

ನಾಲ್ಕನೇ ತರಗತಿಯಲ್ಲಿ ಏಣಿ ಇಲ್ಲ, ಪಠ್ಯಪುಸ್ತಕದ ಪಾಠ ಶುರುವಾಗುತ್ತದೆ. ಮೂರನೆಯದರ ಕಾರ್ಡು ಮುಗಿಸದ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಅವರಿಗಾಗಿ ನಾಲ್ಕನೆಯ ಸರ್ ಜೊತೆ ಮಾತಾಡಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಹಾಲು ಕುಡಿದ ಮೇಲೆ ಮೊದಲ ಪಿರಿಯಡ್ ಆ ಮಕ್ಕಳು ನನ್ನ ಕೋಣೆಗೆ ಬರುತ್ತಾರೆ. ತಮ್ಮ ಕಾರ್ಡು ಮುಗಿಸುತ್ತಾರೆ, ನಾಲ್ಕನೇ ತಟ್ಟೆಯಲ್ಲಿ ಚಿಕ್ಕವರಿಗೆ ಹೇಳಿಕೊಡುತ್ತಾರೆ. ದೊಡ್ಡವರು ಚಿಕ್ಕವರ ಜೊತೆ ಕೂರಲು ನಾಚುತ್ತಾರೆ ಅಂದುಕೊಂಡಿದ್ದೆವು, ಹಾಗೇನೂ ಆಗಲಿಲ್ಲ. ಹೇಳಿಕೊಡಲು ಬಂದಿದ್ದೇವೆ ಎಂದೇ ಬೇರೆಯವರಿಗೆ ಹೇಳಿಕೊಳ್ಳುತ್ತಾರಂತೆ. ಹೇಳಿಕೊಳ್ಳಲಿ ಬಿಡಿ.