ಕೊಬ್ಬರಿ ಎಣ್ಣೆ ಸಾಬೂನು: ಲೆಕ್ಕ ತಪ್ಪದೆ ಮಾಡುವ ಬಗೆ

ಮನೆಯಲ್ಲಿ ಮಾಡುವ ಸಾಬೂನು ಹೆಚ್ಚಾಗಿ ಕೆಡುವುದು ತೂಕದಲ್ಲಿ. ಎಣ್ಣೆಯನ್ನು ಲೀಟರಿನಲ್ಲಿ, ಕಾಸ್ಟಿಕ್ ಸೋಡಾವನ್ನು ಚಮಚದಲ್ಲಿ ಅಳೆಯಬೇಡಿ. ನೀರೂ ಸೇರಿ ಎಲ್ಲವನ್ನೂ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲೇ ತೂಗಿ.

500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 91 ಗ್ರಾಂ ಕಾಸ್ಟಿಕ್ ಹಿಡಿಯುತ್ತದೆ. ಬಟ್ಟೆ ಒಗೆಯಲು ಅದು ಸರಿ, ಸ್ನಾನಕ್ಕೆ ಬೇಡ. ಈ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲವಿದೆ. ಅದರ ಸಾಬೂನು ಧಾರಾಳವಾಗಿ ನೊರೆ ಬರುತ್ತದೆ, ಚರ್ಮದ ಜಿಡ್ಡನ್ನೂ ಎಳೆದುಬಿಡುತ್ತದೆ. 73 ಗ್ರಾಂ ಹಾಕಿದರೆ ಐದರಲ್ಲಿ ಒಂದು ಪಾಲು ಎಣ್ಣೆ ಹಾಗೇ ಉಳಿದು ಮೈ ಅಷ್ಟಾಗಿ ಒಣಗುವುದಿಲ್ಲ. ಅದೇ 73 ಗ್ರಾಂ ಸೂರ್ಯಕಾಂತಿ ಎಣ್ಣೆಗೆ ಬಿದ್ದರೆ ಅಪಾಯ: 500 ಗ್ರಾಂಗೆ ಅದು ಹಿಡಿಯುವುದು ಸುಮಾರು 67 ಗ್ರಾಂ ಮಾತ್ರ. ಮಿಕ್ಕ 6 ಗ್ರಾಂ ಚರ್ಮ ಸುಡುತ್ತದೆ.

ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ 180 ಗ್ರಾಂ ಆರ್‌ಒ ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕದಡಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಸ್ಟೀಲ್ ಪಾತ್ರೆಯೇ ಬೇಕು. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಹೊರಬಿಡುತ್ತದೆ. ಕೈಗೆ ತಾಗಿದರೆ ವಿನೆಗರ್ ಹುಡುಕುತ್ತ ಕೂರಬೇಡಿ, ನಲ್ಲಿ ಕೆಳಗೆ ಹಿಡಿದು 15–20 ನಿಮಿಷ ತೊಳೆಯಿರಿ.

ದ್ರಾವಣವೂ ಎಣ್ಣೆಯೂ 38–40 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಬೆರೆಸಿ ಕಡೆಯಿರಿ. ಮಿಶ್ರಣ ದೋಸೆ ಹಿಟ್ಟಿನಂತಾಗಿ, ಸೌಟಿನಿಂದ ಇಳಿಬಿಟ್ಟ ಎಳೆ ಮೇಲೆ ಗೆರೆಯಾಗಿ ನಿಂತರೆ ಹದ ಬಂತು. ಇಲ್ಲೇ ಅನೇಕರು ಮೋಸಹೋಗುತ್ತಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿಯೇ ಹೆಪ್ಪುಗಟ್ಟುತ್ತದೆ; ಚಳಿಗಾಲದಲ್ಲಿ ಆ ಗಟ್ಟಿತನವನ್ನೇ ಹದವೆಂದು ತಿಳಿದು ಅಚ್ಚಿಗೆ ಸುರಿದರೆ ಆಮೇಲೆ ಎಣ್ಣೆ ಮೇಲೆ ತೇಲುತ್ತದೆ. ಅನುಮಾನ ಬಂದರೆ ಪಾತ್ರೆಯನ್ನು ಬಿಸಿನೀರಿನಲ್ಲಿಡಿ. ಮಿಶ್ರಣ ಮತ್ತೆ ತೆಳ್ಳಗಾದರೆ ಕಡೆಯುವುದು ಇನ್ನೂ ಬಾಕಿಯಿದೆ.

ಗಟ್ಟಿಯಾದ ಮೇಲೆ, ಇನ್ನೂ ಬೆಚ್ಚಗಿರುವಾಗಲೇ ಕೈಗವಸು ತೊಟ್ಟು ಕತ್ತರಿಸಿ. ಮರುದಿನಕ್ಕೆ ಬಿಟ್ಟರೆ ಚಾಕು ಇಟ್ಟಲ್ಲೇ ಬಿರಿಯುತ್ತದೆ. 4–6 ವಾರ ನೆರಳಲ್ಲಿ ಗಾಳಿಗಿಡಿ. ಮೇಲೆ ಕೂರುವ ತೆಳು ಬಿಳಿ ಪುಡಿ ಸೋಡಿಯಂ ಕಾರ್ಬೊನೇಟ್, ಒರೆಸಿದರೆ ಸಾಕು.

ಬಳಸುವಾಗ ಬೋರ್‌ವೆಲ್ ನೀರಿನಲ್ಲಿ ನೊರೆ ಬಾರದೆ ಬಕೆಟ್ಟಿಗೆ ಬಿಳಿ ಕರೆ ಕಟ್ಟಿದರೆ ಸಾಬೂನನ್ನು ಬೈಯಬೇಡಿ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಕರಗದ ಲವಣವಾಗಿವೆ. ಅದೇ ಸಾಬೂನನ್ನು ಮಳೆನೀರಿನಲ್ಲಿ ಉಜ್ಜಿ ನೋಡಿ.