ಪ್ಲಾಸ್ಟಿಕ್‌ಗೆ ಲೋಹಲೇಪನ: ಬಿಗಿತ ಹೆಚ್ಚಬೇಕು, ಬಿರುಕು ಬಿಡಬಾರದು

ಪ್ಲಾಸ್ಟಿಕ್ ಭಾಗಕ್ಕೆ ಲೋಹಲೇಪನ ಮಾಡಿಸುವ ಮೊದಲು, ಬಳಕೆಯಲ್ಲಿ ಅದು ಬಾಗುವ ಭಾರ ಹೊರುತ್ತದೆಯೋ ಅಥವಾ ಪೆಟ್ಟು ತಾಳಬೇಕೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಲೇಪನದಿಂದ ಬಿಗಿತ (ಸುಲಭವಾಗಿ ಬಾಗದೆ ನಿಲ್ಲುವ ಗುಣ) ಹೆಚ್ಚುತ್ತದೆ, ಆದರೆ ಪೆಟ್ಟು ತಾಳುವ ಗುಣ ಹಲವು ಬಾರಿ ಕುಗ್ಗುತ್ತದೆ.

ಲೋಹಲೇಪನಕ್ಕೆ ಹೆಚ್ಚಾಗಿ ಬಳಸುವ, ರಬ್ಬರಿನ ಕಣಗಳು ಬೆರೆತ ಎಬಿಎಸ್ ಪ್ಲಾಸ್ಟಿಕ್‌ನ ಸ್ಥಿತಿಸ್ಥಾಪಕತೆಯ ಗುಣಾಂಕ (ವಸ್ತು ಎಷ್ಟು ಬಿಗಿ ಎಂಬುದರ ಅಳತೆ) ಸುಮಾರು 2.3 ಗಿಗಾಪ್ಯಾಸ್ಕಲ್, ತಾಮ್ರದ್ದು ಸುಮಾರು 120. ಪಟ್ಟಿ ಬಾಗುವಾಗ ಅತಿ ಹೆಚ್ಚು ಎಳೆತ ಮತ್ತು ಒತ್ತಡ ಬೀಳುವುದು ಹೊರಮೈಗೇ ಆದ್ದರಿಂದ, 3 ಮಿಲಿಮೀಟರ್ ದಪ್ಪದ ಪಟ್ಟಿಯ ಎರಡೂ ಬದಿಗೆ 25 ಮೈಕ್ರಾನ್ ತಾಮ್ರ ಕೂರಿಸಿದರೆ ಬಾಗುವಿಕೆಯ ಬಿಗಿತ ಲೆಕ್ಕದ ಪ್ರಕಾರ ಮೂರೂವರೆ ಪಟ್ಟಿನಷ್ಟಾಗುತ್ತದೆ. ಒಂದೇ ಬದಿಗೆ ಲೇಪಿಸಿದರೆ ಎರಡು ಪಟ್ಟೂ ಆಗುವುದಿಲ್ಲ. ಲೋಹ ಪ್ಲಾಸ್ಟಿಕ್ಕಿಗೆ ಪೂರ್ತಿ ಅಂಟಿಕೊಂಡಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಆ ಅಂಟು ಹುಟ್ಟುವುದು ಆಮ್ಲದ ತೊಟ್ಟಿಯಲ್ಲಿ. ಆಮ್ಲವು ಎಬಿಎಸ್‌ನೊಳಗಿನ ರಬ್ಬರಿನ ಕಣಗಳನ್ನು ಕರಗಿಸಿ ಮೇಲ್ಮೈಯಲ್ಲಿ ಸೂಕ್ಷ್ಮ ಕುಳಿಗಳನ್ನು ಮಾಡುತ್ತದೆ. ಲೋಹ ಅವುಗಳೊಳಗೆ ಬೇರೂರುತ್ತದೆ. ಆಮ್ಲದಲ್ಲಿ ಅದ್ದಿಡುವ ಕಾಲ ಕಡಿಮೆಯಾದರೆ ಹಿಡಿತ ಸಾಲದು, ಹೆಚ್ಚಾದರೆ ಪ್ಲಾಸ್ಟಿಕ್‌ನ ಮೇಲ್ಪದರವೇ ದುರ್ಬಲವಾಗುತ್ತದೆ. ಸಾಂಪ್ರದಾಯಿಕ ಕ್ರೋಮಿಕ್ ಆಮ್ಲದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ರೂಪ ಕ್ಯಾನ್ಸರ್‌ಕಾರಕ. ಇದನ್ನು ಮನೆಯಲ್ಲಿ ಎಂದಿಗೂ ಪ್ರಯತ್ನಿಸಬಾರದು.

ಒಂದರ ಮೇಲೊಂದು ಕೂರಿಸುವ ಲೋಹದ ಪದರಗಳ ಆಯ್ಕೆಯಲ್ಲಿ ಮೆದುವಾದ ತಾಮ್ರಕ್ಕೆ ಹೆಚ್ಚು ದಪ್ಪ ಕೊಡುವುದು ಲೇಸು. ಹೊಳಪಿನ ನಿಕಲ್ ಮತ್ತು ಕ್ರೋಮಿಯಂ ಪೆಡಸಾಗಿರುವುದರಿಂದ ಹೆಚ್ಚು ಹಿಗ್ಗದೆ ಸೀಳುತ್ತವೆ, ಆ ಸೀಳಿನ ತುದಿಯಿಂದ ಬಿರುಕು ಪ್ಲಾಸ್ಟಿಕ್‌ನೊಳಕ್ಕೂ ಹರಿಯಬಹುದು. ಬಿಸಿಯಾದಾಗ ಎಬಿಎಸ್ ತಾಮ್ರಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುವುದರಿಂದ, ಬಿಸಿ–ತಂಪಿನ ಪ್ರತಿ ಸುತ್ತೂ ಲೋಹ–ಪ್ಲಾಸ್ಟಿಕ್ಕಿನ ಈ ಹಿಡಿತವನ್ನು ಎಳೆದಾಡುತ್ತದೆ.

ಪರೀಕ್ಷೆಗೆ ಒಂದೇ ಅಚ್ಚಿನಿಂದ ತೆಗೆದ ಮೂರು ಗುಂಪಿನ ಪಟ್ಟಿಗಳು ಬೇಕು: ಏನೂ ಮಾಡದವು, ಆಮ್ಲದಲ್ಲಿ ಮಾತ್ರ ಅದ್ದಿದವು, ಪೂರ್ತಿ ಲೇಪಿಸಿದವು. ನಡುವಿನ ಗುಂಪನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆದರೆ ಪೆಟ್ಟು ತಾಳುವ ಗುಣ ನಷ್ಟವಾದದ್ದು ಆಮ್ಲದಿಂದಲೋ ಲೋಹದಿಂದಲೋ ಎಂದು ಹೇಳುವುದು ಅದೊಂದೇ. ಪಟ್ಟಿಯನ್ನು ಎರಡು ಆಧಾರಗಳ ಮೇಲಿಟ್ಟು ನಡುವೆ ಒತ್ತಿ ಬಾಗಿದ ಅಳತೆಯನ್ನು ಬರೆದುಕೊಳ್ಳಿ. ಬಳಿಕ ಬೇರೆ ಪಟ್ಟಿಗಳಿಗೆ ಪೆಟ್ಟಿನ ಪರೀಕ್ಷೆ ಮಾಡಿ. ಮುರಿದ ಜಾಗದಲ್ಲಿ ಎದ್ದ ಲೋಹದ ಹಾಳೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ: ಅದು ಸ್ವಚ್ಛವಾಗಿದ್ದರೆ ಹಿಡಿತವೇ ಸೋತಿದೆ, ಪ್ಲಾಸ್ಟಿಕ್‌ನ ತೆಳು ಪೊರೆ ಅಂಟಿಕೊಂಡಿದ್ದರೆ ಹಿಡಿತ ಗಟ್ಟಿಯಾಗಿದ್ದು ಮೇಲ್ಪದರ ಹರಿದಿದೆ.

ಚೂಪು ಮೂಲೆಗಳಲ್ಲಿ ಲೋಹ ದಪ್ಪವಾಗಿ ಕೂರುವುದರಿಂದ ಅವುಗಳನ್ನು ವಿನ್ಯಾಸದಲ್ಲೇ ದುಂಡಗೆ ಮಾಡಬೇಕು, ಜೋಡಿಸುವಾಗ ಬಾಗಿ ಕೂರುವ ಕೊಂಡಿಗಳನ್ನು ಲೇಪನದಿಂದ ಹೊರಗಿಡಬೇಕು.