ಪಿಕಪ್‌ಗೆ ಹೊಸ ಟೈರ್ ಹಾಕ್ಸೋ ಮೊದ್ಲು ವೇಬ್ರಿಡ್ಜ್‌ಗೆ ಹೋಗಿ

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನಮ್ಮಣ್ಣ ಶ್ರೀನಿವಾಸಪುರದ ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಲೋಡ್ ತರ್ತಿದ್ದ. 80 ಬಾಕ್ಸ್, ಹನ್ನೊಂದು ಗಂಟೆ ಬಿಸಿಲು, ರೋಡೂ ಚೆನ್ನಾಗೇ ಇತ್ತು, ಅಂಥಾ ಸ್ಪೀಡೇನೂ ಇರ್ಲಿಲ್ಲ, ಆದ್ರೂ ಹಿಂದಿನ ಎಡಗಡೆ ಟೈರ್ ಢಂ ಅಂತ ಹೋಯ್ತು. ಗಾಡಿ ಪಕ್ಕದ ಮಣ್ಣಿಗೆ ಇಳಿದು ನಿಲ್ತು, ಅಣ್ಣಂಗೆ ಏನೂ ಆಗ್ಲಿಲ್ಲ, ಅರ್ಧ ಹಣ್ಣು ರೋಡ್ ಪಾಲಾಯ್ತು. ಟೈರ್ ಹಾಕ್ಸಿ ನಾಲ್ಕೇ ತಿಂಗಳಾಗಿತ್ತು, ಟೈರ್ ಮೇಲಿನ ಗುಂಡಿ (ರಬ್ಬರ್ ಕಚ್ಚುಗಳು) ಎಲ್ಲಾ ಹೊಸದರ ಹಾಗೇ ಇತ್ತು. ಹರಿದ ಟೈರನ್ನ ಸಂಜೆ ಮನೆ ಮುಂದೆ ಹಾಕ್ಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದಾಗ ಸೈಜ್ ಪಕ್ಕದಲ್ಲಿ 100 ಎಸ್ ಅಂತ ಇತ್ತು. ಆ ನಂಬರ್ ಅರ್ಥ ಗೊತ್ತಿದ್ದಿದ್ರೆ ಆ ಟೈರ್ ಗಾಡಿಗೆ ಏರ್ತಾನೇ ಇರ್ಲಿಲ್ಲ. ಲೋಡ್ ಹೊಡೆಯೋ ಪಿಕಪ್ ಇಟ್ಕೊಂಡಿರೋರಿಗೆ ಇದು ಗೊತ್ತಿರ್ಲೇಬೇಕು ಅಂತಾನೇ ಇದನ್ನ ಬರೀತಿದ್ದೀನಿ.

ಮೊದಲ ಹೆಜ್ಜೆ: ಹಿಂದಿನ ಆಕ್ಸಲ್ ತೂಕ ಹಾಕ್ಸಿ

ಎಲ್ಲರೂ ಟೈರ್ ಅಂಗಡಿಗೆ ಹೋಗಿ ರೇಟ್ ಕೇಳ್ತಾರೆ, ಗಾಡಿ ಎಷ್ಟು ತೂಕ ಹೊರತ್ತೆ ಅಂತ ಯಾರೂ ನೋಡಲ್ಲ. ನೀವು ದಿನಾ ತುಂಬೋ ಲೋಡನ್ನೇ ತುಂಬ್ಕೊಂಡು ವೇಬ್ರಿಡ್ಜ್‌ಗೆ ಹೋಗಿ ಎರಡು ಸಲ ತೂಕ ಹಾಕ್ಸಿ, ಒಂದ್ಸಲ ಇಡೀ ಗಾಡಿ, ಇನ್ನೊಂದ್ಸಲ ಮುಂದಿನ ಚಕ್ರ ಪ್ಲಾಟ್‌ಫಾರಂ ದಾಟಿಸಿ ಹಿಂದಿನ ಚಕ್ರ ಮಾತ್ರ ಮೇಲಿರೋ ಹಾಗೆ ನಿಲ್ಸಿ. ಎರಡನೇ ಚೀಟಿನೇ ಮುಖ್ಯ, ಪಿಕಪ್‌ನಲ್ಲಿ ಸರಕಿನ ಭಾರ ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೇ ಬೀಳೋದು.

ಕೋಲಾರದ ಲೆಕ್ಕದಲ್ಲಿ ಟೊಮೆಟೊ ಬಾಕ್ಸ್ ಅಂದ್ರೆ 15 ಕೆ.ಜಿ., 80 ಬಾಕ್ಸ್‌ಗೆ 1,200 ಕೆ.ಜಿ. ಆಯ್ತು, ಕ್ರೇಟ್ ತೂಕ ಬೇರೆ. ಟೈರ್ ಹೋದ ಮೇಲೆ ಅಷ್ಟೇ ಲೋಡ್ ಹಾಕಿ ತೂಗಿಸಿದಾಗ ಹಿಂದಿನ ಆಕ್ಸಲ್ 1,840 ಕೆ.ಜಿ. ಬಂತು, ಅಂದ್ರೆ ಒಂದೊಂದು ಟೈರ್ ಮೇಲೆ 920. ಆಮೇಲೆ ಆರ್‌ಸಿ ತೆಗೆದು ಒಟ್ಟು ತೂಕ ಎಷ್ಟಿರಬಹುದು ಅಂತ ಬರೆದಿರೋದನ್ನೂ ಚೀಟಿ ಜೊತೆ ಇಟ್ಟು ನೋಡಿ. ಅದನ್ನ ದಾಟಿದ್ರೆ ಎಂಥಾ ಟೈರ್ ಹಾಕಿದ್ರೂ ಸರಿಹೋಗಲ್ಲ, ಟೈರ್ ತಡ್ಕೊಂಡ್ರೂ ಬ್ರೇಕೂ ಸ್ಪ್ರಿಂಗ್ ಪ್ಲೇಟೂ ತಡ್ಕೊಳಲ್ಲ. 2019ರ ತಿದ್ದುಪಡಿ ಆದ್ಮೇಲೆ ಓವರ್‌ಲೋಡ್‌ಗೆ ದಂಡ 20,000 ರೂಪಾಯಿಯಿಂದ ಶುರು, ಹೆಚ್ಚಿನ ಒಂದೊಂದು ಟನ್‌ಗೂ 2,000 ಸೇರತ್ತೆ.

ಎರಡನೇ ಹೆಜ್ಜೆ: ಟೈರ್ ಪಕ್ಕೆ ಮೇಲಿರೋದನ್ನ ಓದಿ

215/75 ಆರ್ 15 ಅಂತಿದ್ರೆ ಅಗಲ 215 ಮಿ.ಮೀ., ಪಕ್ಕೆ ಎತ್ತರ ಆ ಅಗಲದ ಶೇ 75, ಆರ್ ಅಂದ್ರೆ ರೇಡಿಯಲ್ (ಒಳಗಿನ ದಾರ ಅಡ್ಡಕ್ಕೆ ನೇರ ಹೋಗಿರೋ ಟೈರ್), ಡಿಸ್ಕ್ (ಟೈರ್ ಕೂರೋ ಲೋಹದ ಚಕ್ರ) 15 ಇಂಚು. ಇಷ್ಟು ಬಹಳ ಜನಕ್ಕೆ ಗೊತ್ತು. ಅದರ ಪಕ್ಕದಲ್ಲೇ ಇರೋ ನಂಬರನ್ನ ಯಾರೂ ನೋಡಲ್ಲ, ಅದು ಲೋಡ್ ಇಂಡೆಕ್ಸ್, ಒಂದು ಟೈರ್ ಎಷ್ಟು ಭಾರ ಹೊರತ್ತೆ ಅನ್ನೋದರ ಕೋಡ್. 100 ಅಂದ್ರೆ 800 ಕೆ.ಜಿ., 104 ಅಂದ್ರೆ 900, 106 ಅಂದ್ರೆ 950, 110 ಅಂದ್ರೆ 1,060, 113 ಅಂದ್ರೆ 1,150, 118 ಅಂದ್ರೆ 1,320.

ಈಗ ಅಣ್ಣನ ಗಾಡಿ ಲೆಕ್ಕ ಹಾಕಿ. 800 ಹೊರೋ ಟೈರ್ ಮೇಲೆ ದಿನಾ 920 ಕೂರಿಸ್ತಿದ್ವಿ. ಅದು ಜೀಪು ಕಾರಿಗೆ ಅಂತ ಮಾಡಿರೋ ಟೈರು, ಸೈಜ್ ಒಂದೇ ಅಂತ ಅಂಗಡಿಯೋರು ಹಾಕಿ ಕಳಿಸಿದ್ರು, ಸಾವಿರದೈನೂರು ಕಮ್ಮಿ ಆಯ್ತು ಅಂತ ನಾವೂ ಖುಷಿ ಪಟ್ಟಿದ್ವಿ. ಅದೇ ಸೈಜಿನಲ್ಲಿ ಲೈಟ್ ಟ್ರಕ್ ಟೈರೂ ಬರತ್ತೆ, ಎಲ್‌ಟಿ ಅಂತ ಬರೆದಿರತ್ತೆ, 8 ಪಿಆರ್‌ದಕ್ಕೆ (ಪಿಆರ್ ಏನಂತ ಮುಂದೆ ಹೇಳ್ತೀನಿ) 106/103 ಅಂತ ಇರತ್ತೆ. ಎರಡು ನಂಬರ್ ಇದ್ರೆ ಮೊದಲನೇದು ಒಂದು ಕಡೆಗೆ ಒಂದೇ ಟೈರ್ ಇರೋ ಆಕ್ಸಲ್‌ಗೆ, ಎರಡನೇದು ಜೋಡಿ ಟೈರ್ ಹಾಕೋ ಗಾಡಿಗೆ, ನಮ್ ಪಿಕಪ್‌ಗೆ ಮೊದಲನೇದನ್ನೇ ನೋಡ್ಬೇಕು. 106 ಹಾಕಿದ್ರೂ 950ರಲ್ಲಿ 920 ಹೋಗಿ ಬರೀ 30 ಕೆ.ಜಿ. ಉಳಿಯತ್ತೆ, ಒಂದು ಹಳ್ಳಕ್ಕೆ ಇಳಿದ್ರೆ ಅದು ಎಲ್ಲಿಗೂ ಸಾಕಾಗಲ್ಲ, ಅದಕ್ಕೇ ಅಣ್ಣ ಈಗ 70 ಬಾಕ್ಸ್ ಮೇಲೆ ತುಂಬಲ್ಲ. ನನ್ನ ಲೆಕ್ಕದಲ್ಲಿ ಎರಡನೇ ಚೀಟಿಲಿ ಬಂದಿದ್ದರ ಅರ್ಧಕ್ಕಿಂತ ಹತ್ತು ಪರ್ಸೆಂಟ್ ಆದ್ರೂ ಜಾಸ್ತಿ ಹೊರೋ ಟೈರ್ ಬೇಕು. ಒಂದೂವರೆ ಟನ್ ಮೇಲೆ ಹೊರೋ ದೊಡ್ಡ ಪಿಕಪ್‌ಗಳಿಗೆ 7.00 ಆರ್ 15 ಎಲ್‌ಟಿ ತರದ ಟೈರ್ ಬರೋದು ಈ ಕಾರಣಕ್ಕೇ.

ಪಿಆರ್ ಅಂದ್ರೆ ಪ್ಲೈ ರೇಟಿಂಗ್, ಒಳಗೆ ಅಷ್ಟು ಪದರ ಇದೆ ಅಂತಲ್ಲ, ಅಷ್ಟು ಪದರದ ಗಟ್ಟಿತನ ಇದೆ ಅಂತ. ಇಂಡೆಕ್ಸ್ ನಂಬರ್ ಆದ್ಮೇಲೆ ಬರೋ ಅಕ್ಷರ ಸ್ಪೀಡಿಂದು, ಎಲ್ ಅಂದ್ರೆ 120, ಎನ್ ಅಂದ್ರೆ 140 ಕಿ.ಮೀ., ಲೋಡ್ ಗಾಡಿಗೆ ಅದು ದೊಡ್ಡ ವಿಷಯ ಅಲ್ಲ.

ಮೂರನೇ ಹೆಜ್ಜೆ: ನಿಮ್ ರೋಡ್ ಯಾವ್ದು

ಹೈವೇನಲ್ಲೇ ಹೆಚ್ಚು ಓಡೋದಾದ್ರೆ ಉದ್ದುದ್ದ ಗೆರೆ ಇರೋ ರಿಬ್ ಟೈರ್ ಸಾಕು, ಬಿಸಿ ಕಮ್ಮಿ, ಸೌಂಡ್ ಕಮ್ಮಿ, ಡೀಸೆಲ್ಲೂ ಉಳಿಯತ್ತೆ. ತೋಟದ ಕೆಸರಿಂದ ಲೋಡ್ ಎಳೀಬೇಕಾದ್ರೆ ಹಿಂದಕ್ಕೆ ಮಾತ್ರ ಅಡ್ಡಡ್ಡ ದಪ್ಪ ಹಲ್ಲಿರೋ ಲಗ್ ಟೈರ್ ಹಾಕಿ, ಮುಂದಕ್ಕೆ ರಿಬ್ಬೇ ಇರ್ಲಿ. ಶಿರಾಡಿ, ಚಾರ್ಮಾಡಿ ಕಡೆ ಮಳೆಗಾಲದಲ್ಲಿ ಓಡಿಸೋರು ಗುಂಡಿ ಆಳದ ಮೇಲೇ ಕಣ್ಣಿಟ್ಟಿರ್ಬೇಕು. ಕಾನೂನಿನ ಪ್ರಕಾರ 1.6 ಮಿ.ಮೀ. ಇದ್ರೆ ಸಾಕು, ಗುಂಡಿ ಒಳಗಿರೋ ಸಣ್ಣ ದಿಬ್ಬದ ಸಮಕ್ಕೆ ಸವೆದ್ರೆ ಅಲ್ಲಿಗೆ ಬಂತು ಅಂತ, ಆದ್ರೆ ಘಾಟಿಯಲ್ಲಿ ನೀರು ಹರಿಯೋ ರೋಡಿಗೆ ನಾನಂತೂ 3 ಮಿ.ಮೀ.ಗೇ ಬದಲಾಯಿಸ್ತೀನಿ.

ಕಲ್ಲು ಕ್ವಾರಿ ಒಳಗೆ ಓಡೋ ಗಾಡಿಯೋರು ಪಕ್ಕೆ ಗಟ್ಟಿ ಅಂತ ಈಗ್ಲೂ ನೈಲಾನ್ ಟೈರ್ (ಒಳಗಿನ ದಾರ ಓರೆಯಾಗಿ ಒಂದರ ಮೇಲೊಂದು ಹಾಕಿರೋ ಹಳೇ ತರದ್ದು) ಕೇಳ್ತಾರೆ, ಅದು ಸರೀನೇ, ಆದ್ರೆ ದೂರದ ಓಟಕ್ಕೆ ನೈಲಾನ್ ಬೇಗ ಕಾಯತ್ತೆ. ಒಂದೇ ಆಕ್ಸಲ್‌ಗೆ ಒಂದು ರೇಡಿಯಲ್ ಒಂದು ನೈಲಾನ್ ಮಾತ್ರ ಯಾವತ್ತೂ ಹಾಕ್ಬೇಡಿ.

ನಾಲ್ಕನೇ ಹೆಜ್ಜೆ: ಸೈಜ್ ಏರಿಸೋ ಆಸೆ

ದಪ್ಪ ಟೈರ್ ನೋಡೋಕೆ ಚೆಂದ ನಿಜ. 215/75 ಆರ್ 15ರ ಎತ್ತರ 703.5 ಮಿ.ಮೀ., 235/75 ಆರ್ 15 ಹಾಕಿದ್ರೆ 733.5, ಶೇ 4ಕ್ಕಿಂತ ಜಾಸ್ತಿ ಆಯ್ತು. ಮೀಟರ್ 60 ತೋರಿಸ್ತಿದ್ದಾಗ ಗಾಡಿ 62.6ರಲ್ಲಿ ಓಡ್ತಿರತ್ತೆ, ಅದಕ್ಕಿಂತ ಮುಖ್ಯ ಅಂದ್ರೆ ಲೋಡ್ ಹಾಕ್ಕೊಂಡು ದಿಬ್ಬ ಹತ್ತೋವಾಗ ಎಳೆತ ಕಮ್ಮಿ ಆಗಿ ಕ್ಲಚ್ ಸುಡತ್ತೆ. ಪೂರ್ತಿ ಲೋಡ್‌ನಲ್ಲಿ ಹಿಂದುಗಡೆ ಕೂತಾಗ ಟೈರ್ ಮೇಲೆ ಉಜ್ಜತ್ತಾ ಅಂತಾನೂ ನೋಡ್ಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಕೂಡ ಕಂಪನಿ ಕೊಟ್ಟಿರೋದನ್ನ ಬದಲಾಯಿಸೋದರ ಬಗ್ಗೇನೇ ಇರೋದು. ನಿಮ್ ಮಾಡೆಲ್‌ಗೆ ಕಂಪನಿಯೋರು ಯಾವ್ಯಾವ ಸೈಜ್ ಬರೆದಿದಾರೋ ಅದರೊಳಗೇ ಇರಿ.

ಐದನೇ ಹೆಜ್ಜೆ: ಡಿಸ್ಕ್

ಇದನ್ನ ಪೂರ್ತಿ ಮರೀತಾರೆ. ಕಾರಿನ ಅಲಾಯ್ ಡಿಸ್ಕ್ ತಂದು ಪಿಕಪ್‌ಗೆ ಹಾಕಿರೋದನ್ನ ನೋಡಿದೀನಿ, ಬೋಲ್ಟ್ ಕೂತ್ಕೊಂಡ್ರೆ ಆಯ್ತು ಅಂತ. ಅಲಾಯ್ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ, ಎರಕದಲ್ಲೇ ಮ್ಯಾಕ್ಸ್ ಲೋಡ್ ಬರೆದಿರತ್ತೆ, ನಾನು ನೋಡಿದ್ರಲ್ಲಿ 690 ಕೆ.ಜಿ. ಅಂತಿತ್ತು. 950ರ ಟೈರನ್ನ 690ರ ಡಿಸ್ಕ್ ಮೇಲೆ ಕೂರಿಸಿದ್ರೆ ಟೈರ್ ಉಳಿದು ಡಿಸ್ಕ್ ಬಿರುಕು ಬಿಡತ್ತೆ. ಲೋಡ್ ಗಾಡಿಗೆ ಕಂಪನಿ ಸ್ಟೀಲ್ ಡಿಸ್ಕೇ ನನ್ನ ಆಯ್ಕೆ, ಬೆಂಡ್ ಆದ್ರೆ ಕಣ್ಣಿಗೆ ಕಾಣತ್ತೆ, ಅಲಾಯ್ ಹೇಳ್ದೆ ಕೇಳ್ದೆ ಸೀಳತ್ತೆ.

ಬದಲಾಯಿಸ್ಲೇಬೇಕು ಅಂದ್ರೆ ಬೋಲ್ಟ್‌ಗಳ ಸಂಖ್ಯೆ, ಅವು ಕೂತಿರೋ ಸುತ್ತಿನ ಅಳತೆ (ಪಿಸಿಡಿ), ನಡುವಿನ ತೂತು, ಆಫ್‌ಸೆಟ್ (ಡಿಸ್ಕ್‌ನ ಬೋಲ್ಟ್ ಕೂರೋ ಮುಖ ಅದರ ಅಗಲದ ನಡುವಿನಿಂದ ಎಷ್ಟು ಆಚೀಚೆ ಇದೆ ಅನ್ನೋದು) ನಾಲ್ಕೂ ಹೊಂದ್ಬೇಕು. ಹೈಲಕ್ಸ್, ಡಿ-ಮ್ಯಾಕ್ಸ್ ಎರಡೂ ಪಿಕಪ್‌ಗೂ 6 ಬೋಲ್ಟ್, 139.7 ಮಿ.ಮೀ., ಆದ್ರೂ ಮಿಕ್ಕಿದ್ದು ಅಳೆಯದೆ ಅದರದ್ದು ಇದಕ್ಕೆ ಹಾಕೋಕಾಗಲ್ಲ. ಆಫ್‌ಸೆಟ್ ತಪ್ಪಿ ಚಕ್ರ ಹೊರಗೆ ಬಂದ್ರೆ ಬೇರಿಂಗ್ ಮೇಲೆ ಒತ್ತಡ ಜಾಸ್ತಿ ಬೀಳತ್ತೆ.

ಆರನೇ ಹೆಜ್ಜೆ: ಅಂಗಡೀಲಿ

ಐಎಸ್‌ಐ ಗುರುತು ನೋಡಿ. ಟೈರ್ ಪಕ್ಕೆ ಮೇಲಿರೋ ಉದ್ದ ಕೋಡ್‌ನ ಕೊನೆ ನಾಲ್ಕು ಅಂಕಿ ಅದು ತಯಾರಾದ ತಾರೀಖು, ಅದನ್ನ ನೋಡಿ, 2324 ಅಂದ್ರೆ 2024ರ 23ನೇ ವಾರ. ಆರು ತಿಂಗಳೊಳಗಿಂದೇ ಕೊಡಿ ಅಂತ ಕೇಳಿ, ಸ್ಟೆಪ್ನಿದೂ ತಾರೀಖು ನೋಡ್ಕೊಳಿ. ಎರಡೇ ಹೊಸದು ಕೊಳ್ಳೋದಾದ್ರೆ ಮುಂದಕ್ಕೆ ಹಾಕಿ ಅಂತ ಬಹಳ ಡ್ರೈವರ್‌ಗಳು ಹೇಳ್ತಾರೆ, ಟೈರ್ ಕಂಪನಿಗಳು ಹೇಳೋದು ಹಿಂದಕ್ಕೆ, ಒದ್ದೆ ರೋಡಲ್ಲಿ ಹಿಂಭಾಗ ಜಾರಿದ್ರೆ ಗಾಡಿ ಕೈಗೆ ಸಿಗಲ್ಲ ಅಂತ. ನಾನೂ ಹಿಂದಕ್ಕೇ ಅಂತೀನಿ.

ಕೊನೇದು: ಗಾಳಿ, ನಟ್ಟು

ಟೈರ್ ಹೊರೋ ಭಾರ ಅಷ್ಟೂ ಅದರೊಳಗಿರೋ ಗಾಳಿಯಿಂದ. ಗಾಳಿ ಕಮ್ಮಿ ಇದ್ರೆ ಪಕ್ಕೆ ಮಡಚಿ ಬಿಚ್ಚಿ ಕಾದು ಕಾದು ಒಳಗಿನ ಪದರ ಬಿಡತ್ತೆ. ಲೋಡ್ ಇದ್ದಾಗ ಎಷ್ಟು, ಖಾಲಿ ಇದ್ದಾಗ ಎಷ್ಟು ಅಂತ ಡೋರ್ ಹತ್ರ ಇರೋ ಸ್ಟಿಕ್ಕರ್‌ನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರತ್ತೆ, ಬೆಳಿಗ್ಗೆ ಗಾಡಿ ತೆಗೆಯೋ ಮೊದ್ಲು ತಣ್ಣಗಿರೋವಾಗಲೇ ನೋಡಿ. ಓಡಿ ಬಿಸಿಯಾದಾಗ ಜಾಸ್ತಿ ತೋರಿಸ್ತು ಅಂತ ಗಾಳಿ ಬಿಡ್ಬೇಡಿ.

ನಟ್‌ಗಳನ್ನ ಎದುರುಬದುರಾಗಿ ಬಿಗಿಸ್ಬೇಕು, 50ರಿಂದ 100 ಕಿ.ಮೀ. ಓಡಿದ್ಮೇಲೆ ಇನ್ನೊಂದ್ಸಲ ಟೈಟ್ ನೋಡ್ಬೇಕು. ಅಣ್ಣ ಈಗ ಬಿಗಿಸಿದ ಮೇಲೆ ನಟ್‌ನಿಂದ ಡಿಸ್ಕ್‌ಗೆ ಹಳದಿ ಪೇಂಟ್‌ನಲ್ಲಿ ಒಂದು ಗೆರೆ ಎಳೀತಾನೆ. ಬೆಳಿಗ್ಗೆ ನಾಲ್ಕಕ್ಕೆ ಲೋಡ್‌ಗೆ ಹೊರಡೋವಾಗ ಮೊಬೈಲ್ ಟಾರ್ಚ್ ಬಿಟ್ಟು ಒಂದು ಸುತ್ತು ಬರ್ತಾನೆ, ಗೆರೆ ಎಲ್ಲಾದ್ರೂ ಮುರಿದಿದ್ರೆ ಆ ನಟ್ ತಿರುಗಿದೆ ಅಂತ, ಸ್ಪ್ಯಾನರ್ ಹಾಕಿ ಬಿಗಿಸಿದ ಮೇಲೇನೇ ಸ್ಟಾರ್ಟ್ ಮಾಡೋದು.